ಕಿತ್ತಳೆ ಸಿಪ್ಪೆ ಮತ್ತು ಒಂದು ಚಿಟಿಕೆ ಪುಡಿ

ನನಗೆ ಬೆಂಗಳೂರಿಗೆ ಹೋಗಬೇಕಿತ್ತು. ಊರು ನೋಡಲಿಕ್ಕಲ್ಲ. ಕಾಲೇಜಿನ ಪ್ರವಾಸದಲ್ಲಿ ಅಲ್ಲಿಯ ಒಂದು ದೊಡ್ಡ ಪ್ರಯೋಗಾಲಯವನ್ನು ನಮಗೆ ತೋರಿಸಿದ್ದರು. ಒಂದು ಕೋಣೆಯ ಬಾಗಿಲು ತೆರೆದರೆ ಏಪ್ರಿಲ್ ಬಿಸಿಲಿನಲ್ಲೂ ಮಡಿಕೇರಿಯ ಚಳಿ. ಪಕ್ಕದ ಕೋಣೆಯಲ್ಲಿ ಯಂತ್ರವೊಂದು ಗುಂಯ್ ಎಂದು ತಿರುಗುತ್ತಿತ್ತು. ಅದರ ಮುಂದೆ ಬಿಳಿ ಕೋಟು ಹಾಕಿದ ಒಬ್ಬ ಹೆಂಗಸು ನಮ್ಮ ದಂಡಿನ ಕಡೆ ತಿರುಗಿಯೂ ನೋಡದೆ ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದಳು. ಹಾಗೆ ತಿರುಗಿ ನೋಡದೆ ಕೆಲಸ ಮಾಡುವ ಹೆಂಗಸು ನಾನಾಗಬೇಕು ಅನ್ನುವ ಆಸೆ ಆವತ್ತೇ ಹತ್ತಿಕೊಂಡಿತು. ಜೊತೆಯ ಹುಡುಗಿಯರು ಸಂಜೆ ಸೀರೆ ಅಂಗಡಿ ಹುಡುಕಿಕೊಂಡು ಹೋದಾಗ ನಾನು ಬಸ್ಸಿನಲ್ಲೇ ಕೂತು ಆ ಕೋಣೆಯನ್ನು ಮತ್ತೆ ಮತ್ತೆ ನೆನೆದೆ.

ಸಿಕ್ಕಿದ್ದು ಪೊನ್ನಂಪೇಟೆಯ ಹೊರಗೆ ಎರಡು ಕೋಣೆಯ ಒಂದು ಸರ್ಕಾರಿ ಪ್ರಯೋಗಾಲಯ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಬಾಗಿಲ ಮೇಲಿನ ಬೋರ್ಡಿನಲ್ಲಿ ಹಳೆಯ ಹೆಸರಿಗೆ ಸುಣ್ಣ ಬಳಿದಿದ್ದರು, ಹೊಸ ಹೆಸರು ಬರೆಯುವವರು ಮಾತ್ರ ಇನ್ನೂ ಬಂದಿರಲಿಲ್ಲ. ಆ ಖಾಲಿ ಬೋರ್ಡಿನ ಕೆಳಗೆ ನಾವು ಮೂವರು: ಮೈಸೂರು ಕಡೆಯಿಂದ ವರ್ಗವಾಗಿ ಬಂದ ಅಧಿಕಾರಿ, ಸೈನ್ಯದ ಪಟಾಳದಿಂದ ನಿವೃತ್ತನಾಗಿ ಬಂದ ಕೊಡವ ಅಟೆಂಡರ್, ಮತ್ತು ತಾತ್ಕಾಲಿಕ ಸಹಾಯಕಿಯಾಗಿ ನಾನು. ಅಟೆಂಡರನ್ನು ನಾನು ಮಾವ ಅನ್ನುತ್ತಿದ್ದೆ. ಸಾಹೇಬರ ಎದುರಿಗೆ ಅವರು ನನ್ನನ್ನು ಮೇಡಂ ಅನ್ನುತ್ತಿದ್ದರು, ಹಿಂದಿನಿಂದ ಮಗಳೇ.

ಕೆಲಸ ಇಷ್ಟೇ. ಕಾಫಿ ಹಣ್ಣಿನ ಸಿಪ್ಪೆ ಸುಲಿದ ಮೇಲೆ ಬೀಜಕ್ಕೆ ಒಂದು ಲೋಳೆ ಅಂಟಿಕೊಂಡಿರುತ್ತದೆ. ಎಸ್ಟೇಟಿನವರು ಬೀಜವನ್ನು ತೊಟ್ಟಿಯಲ್ಲಿ ಹಾಕಿ ಹುಳಿ ಬರಿಸುತ್ತಾರೆ, ಲೋಳೆ ತಾನಾಗಿ ಬಿಡುತ್ತದೆ, ಆಮೇಲೆ ತೊಳೆದು ಒಣಗಿಸುತ್ತಾರೆ. ಲೋಳೆಯನ್ನು ಬಿಡಿಸುವುದು ತೊಟ್ಟಿಯಲ್ಲಿರುವ ಬ್ಯಾಕ್ಟೀರಿಯಾ. ಅದು ತನ್ನ ಮೈಯಿಂದ ಒಂದು ಪ್ರೋಟೀನನ್ನು ಹೊರಬಿಡುತ್ತದೆ, ಎನ್‌ಜೈಮ್ ಎಂದು ಅದರ ಹೆಸರು, ಅದು ತಗುಲಿದರೆ ಲೋಳೆ ನೀರಾಗುತ್ತದೆ. ಬೆಂಗಳೂರಿನ ಆ ದೊಡ್ಡ ಪ್ರಯೋಗಾಲಯದವರಿಗೆ ಈ ಎನ್‌ಜೈಮಿನ ಒಣ ಪುಡಿ ಬೇಕಿತ್ತು. ಅದರ ಗುಣ ಅವರು ನೋಡುತ್ತಾರೆ. ಬ್ಯಾಕ್ಟೀರಿಯಾ ಸಾಕಿ, ಪ್ರೋಟೀನ್ ತೆಗೆದು, ಪುಡಿ ಮಾಡಿ ಕೊಡುವುದು ನಾವು. ಸಾಹೇಬರ ಮಾತಿನಲ್ಲಿ ಹೇಳುವುದಾದರೆ ಹುಲ್ಲು ಹಾಕುವುದೂ ನಾವೇ, ಹಾಲು ಕರೆಯುವುದೂ ನಾವೇ.

ಮೊದಲ ವಾರದಲ್ಲೇ ಅವರು ನನಗೊಂದು ಮಾತು ಕೊಟ್ಟರು.

"ನೋಡಮ್ಮಾ, ಪುಡಿ ಸರಿಯಾಗಿ ಬಂತು ಅಂದ್ರೆ, ಅದನ್ನ ಹೆಂಗೆ ಮಾಡೋದು ಅಂತ ತೋರಿಸೋಕೆ ಇಲ್ಲಿಂದ ಒಬ್ರು ಬೆಂಗಳೂರಿಗೆ ಹೋಗಬೇಕಾಗತ್ತೆ. ನಿಮ್ಮ ಹೆಸರೇ ಬರೀತೀನಿ. ಕೆಲಸ ಮೆಚ್ಚಿದ್ರೆ ಅಲ್ಲೇ ಉಳಿಸ್ಕೊಂಡಾರು."

ಪುಡಿ ಬಾರದೆ ಕಾಫಿ ಹಣ್ಣಿನ ಕೊಯ್ಲು, ಪಿಕ್ಕಿಂಗ್, ಮುಗಿದುಹೋದರೆ? ಎರಡು ಕೋಣೆಗೆ ಬೀಗ. ನನಗೆ ಮಡಿಕೇರಿ ಕಡೆಯ ನಮ್ಮ ಮನೆ, ಅಲ್ಲಿ ಅವ್ವ ಆಗಲೇ ನೋಡಿಟ್ಟಿದ್ದ ಗಂಡು. ಆ ಗಂಡಿನ ಮೇಲೆ ನನಗೇನೂ ಸಿಟ್ಟಿರಲಿಲ್ಲ, ನೋಡಿಯೇ ಇರಲಿಲ್ಲ. ನನಗೆ ಆ ಚಳಿಯ ಕೋಣೆ ಬೇಕಿತ್ತು, ಅಷ್ಟೆ.

ಪೊನ್ನಂಪೇಟೆಯಲ್ಲಿ ನಾನು ಉಳಿದುಕೊಂಡಿದ್ದು ಚಿಕ್ಕಮ್ಮನ ಮನೆಯಲ್ಲಿ. ಬ್ಯಾಕ್ಟೀರಿಯಾ ಬೆಳೆಸಲು ಅಗಲವಾದ ಪಾತ್ರೆ ಬೇಕು, ಗಾಳಿ ಆಡಬೇಕು. ನಮ್ಮಲ್ಲಿ ತಕ್ಕ ಗಾಜಿನ ಸಾಮಾನು ಇರಲಿಲ್ಲ. ಮಾವ ಪ್ಲಾಂಟರುಗಳ ಕ್ಲಬ್ಬಿನಿಂದ ಚಪ್ಪಟೆ ಬಾಟ್ಲಿಗಳನ್ನು ಗೋಣಿಯಲ್ಲಿ ಹೊತ್ತು ತಂದರು. ಮಲಗಿಸಿದರೆ ಒಳಗೆ ತೆಳ್ಳಗೆ ಹರಡಿ ನಿಲ್ಲುವಷ್ಟು ಬ್ಯಾಕ್ಟೀರಿಯಾದ ಆಹಾರದ ಕಷಾಯ ಹಾಕಿ, ಬಾಯಿಗೆ ಹತ್ತಿ ತುರುಕಿ, ಹಬೆಯಲ್ಲಿ ಬೇಯಿಸಿದರೆ ನಮಗೆ ಬೇಕಾದ ಪಾತ್ರೆ ತಯಾರು. ಬೇಯಿಸುವಾಗ ಕೆಲವು ಠಪ್ಪೆಂದು ಒಡೆಯುತ್ತಿದ್ದವು. ಉಳಿದವನ್ನು ತೊಳೆದು ತೊಳೆದು ನನ್ನ ಕೈ ಬೆಳ್ಳಗಾಗಿತ್ತು. ಬಾಟ್ಲಿಯ ಸುದ್ದಿ ಚಿಕ್ಕಮ್ಮನ ಕಿವಿಗೆ ಹೇಗೋ ಬಿತ್ತು.

"ಬಿ.ಎಸ್ಸಿ. ಓದ್ಸಿದ್ ಬ್ರಾಂದಿ ಬಾಟ್ಲಿ ತೊಳೆಯಿಕೆನಾ ಕೂಸೇ?" ಎಂದು ಅವಳು ನನ್ನ ಕೈ ಹಿಡಿದು ಮೂಸಿದಳು. "ಎಂತ ನಾತ ಇದ್! ಈ ನಾತಲಿ ನಿನ್ನ ನೋಡಿಕೆ ಯಾರ್ ಬಂದವೆ?"

ಯಾರೂ ಬರದಿದ್ದರೆ ಒಳ್ಳೆಯದೇ ಆಯಿತು ಅಂದುಕೊಂಡು ನಾನು ಊಟಕ್ಕೆ ಕೂತೆ.

ಬ್ಯಾಕ್ಟೀರಿಯಾಕ್ಕೆ ಮೊದಲು ಕೊಡುತ್ತಿದ್ದ ಆಹಾರದಲ್ಲಿ ಪೆಕ್ಟಿನ್ ಎಂಬ ಬಿಳಿ ಪುಡಿ ಇತ್ತು. ಕಾಫಿಯ ಲೋಳೆಯಲ್ಲಿ ಇರುವುದೂ ಅದೇ ಪದಾರ್ಥ. ಅದು ಪರದೇಶದಿಂದ ಬರಬೇಕು. ಇದ್ದ ಸೀಸೆ ತಳ ಕಂಡಿತ್ತು, ಉಳಿದದ್ದು ಪರೀಕ್ಷೆಗಷ್ಟೇ ಸಾಕು. ಹೊಸತು ತರಿಸಲು ಮೇಲಿನವರು ಒಪ್ಪಿದ್ದರು, ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ, ಅನುಮತಿಯ ಕಾಗದ ಯಾವುದೋ ಮೇಜಿನ ಮೇಲೆ ಮಲಗಿತ್ತು. ಅದಕ್ಕೆ ಸಾಹೇಬರು ಒಂದು ಉಪಾಯ ಹೇಳಿದರು: ಸಕ್ಕರೆ ಹಾಕಿ ಚೆನ್ನಾಗಿ ಬೆಳೆಸೋಣ, ಆಳು ಹೆಚ್ಚಾದಷ್ಟೂ ಕೆಲಸ ಹೆಚ್ಚು. ನನಗೂ ಸರಿ ಅನ್ನಿಸಿತು. ಬಾಟ್ಲಿಗಳು ಮಜ್ಜಿಗೆಯಂತೆ ದಪ್ಪಗಾದವು. ಸೋಸಿ ತೆಗೆದ ನೀರನ್ನು ಪೆಕ್ಟಿನ್ ಲೋಳೆಗೆ ಬೆರೆಸಿ ಸಣ್ಣ ಗಾಜಿನ ಕೊಳವೆಗೆ ಬಿಟ್ಟೆ. ಎನ್‌ಜೈಮ್ ಇದ್ದರೆ ಲೋಳೆ ತೆಳ್ಳಗಾಗಿ ಸರಸರ ಇಳಿಯಬೇಕು. ನಮ್ಮದು ಕೊಳವೆಯಲ್ಲಿ ಜೋತುಬಿದ್ದುಕೊಂಡೇ ಇತ್ತು. ಕೊಳವೆ ಕೊಳಕಾಗಿದೆ ಎಂದೆ, ಲೋಳೆ ಹಳತಾಗಿದೆ ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ತೊಳೆದೆ, ಹೊಸದು ಮಾಡಿದೆ, ಮತ್ತೆ ಜೋತುಬಿತ್ತು.

ಅಷ್ಟರಲ್ಲಿ ಸುಗ್ಗಿಯ ಹಬ್ಬ ಪುತ್ತರಿ ಬಂತು.

ಪುತ್ತರಿಯಲ್ಲಿ ಹೊಸ ಭತ್ತದ ಕದಿರು ತೆಗೆದು ತಂದು, ಮಾವು ಅಶ್ವತ್ಥ ಮೊದಲಾದ ಎಲೆಗಳ ಕಟ್ಟಿಗೆ ಸೇರಿಸಿ, ಮನೆಯ ಕಂಬಕ್ಕೆ, ಬಾಗಿಲಿಗೆ, ನೇಗಿಲಿಗೆ, ಬದುಕಿಗೆ ಆಧಾರವಾದ ಎಲ್ಲಕ್ಕೂ ಕಟ್ಟುತ್ತಾರೆ. ಕದಿರು ತೆಗೆಯುವಾಗ "ಪೊಲಿ ಪೊಲಿ ದೇವಾ" ಎಂದು ಕೂಗುತ್ತಾರೆ. ಹೆಚ್ಚಲಿ, ಹೆಚ್ಚಲಿ ದೇವರೇ ಎಂದು. ಮಾವ ಹಬ್ಬದ ಮಾರನೆಯ ಬೆಳಿಗ್ಗೆ ಬಂದು ನಮ್ಮ ಬಾಗಿಲಿಗೆ ಕಟ್ಟಿದರು, ಕಪಾಟಿಗೆ ಕಟ್ಟಿದರು, ಸಾಹೇಬರ ಕುರ್ಚಿಗೂ ಕಟ್ಟಿದರು. ಕೊನೆಗೆ ಕಾವು ಪೆಟ್ಟಿಗೆಯ ಮುಂದೆ ನಿಂತರು.

ಕಾವು ಪೆಟ್ಟಿಗೆ ಅಂದರೆ ತಗಡು ಹೊದೆಸಿದ ಮರದ ಪೆಟ್ಟಿಗೆ. ಪಕ್ಕದಲ್ಲಿ ಸೀಮೆಣ್ಣೆ ದೀಪ. ಒಳಗಿನ ಬಿಸಿ ಮೂವತ್ತು ಡಿಗ್ರಿ ದಾಟಿದರೆ ಮೇಲಿರುವ ಸಣ್ಣ ಮುಚ್ಚಳ ತಾನೇ ಎದ್ದು ಬಿಸಿಗಾಳಿಯನ್ನು ಹೊರಗೆ ಬಿಡುತ್ತದೆ. ಮುಂದಿನ ಬೆಳೆಗೆ ಬೀಜವಾಗಿ ಕಾದಿಟ್ಟ ನಮ್ಮ ಬ್ಯಾಕ್ಟೀರಿಯಾದ ಎಲ್ಲ ತಾಯಿ ಕೊಳವೆಗಳೂ ಅದರೊಳಗೇ ಇದ್ದವು. ಕಟ್ಟಲು ಬೇರೆ ಆಸರೆ ಕಾಣದೆ ಮಾವ ಆ ಮುಚ್ಚಳದ ಕಡ್ಡಿಗೇ ಎಲೆಯ ಕಟ್ಟನ್ನು ಬಿಗಿದು, ದೀಪಕ್ಕೆ ಎಣ್ಣೆ ತುಂಬಿ, ತಮ್ಮೂರಿನ ಮಂದಿನಲ್ಲಿ, ಊರೆಲ್ಲ ಸೇರುವ ಬಯಲಿನಲ್ಲಿ, ಕೋಲಾಟಕ್ಕೆ ಹೊರಟುಹೋದರು. ಹಸಿ ಎಲೆಯ ಭಾರಕ್ಕೆ ಮುಚ್ಚಳ ಏಳಲೇ ಇಲ್ಲ.

ರಜೆ ಮುಗಿಸಿ ನಾನು ಬಾಗಿಲು ತೆರೆದಾಗ ಬಿಸಿ ತಗಡಿನ ವಾಸನೆ ಬಂತು. ಪೆಟ್ಟಿಗೆಯ ಒಳಗೆ ಕೈ ಹಾಕಲಾಗಲಿಲ್ಲ. ಕೊಳವೆಗಳು ನೋಡಲು ಹಾಗೆಯೇ ಇದ್ದವು. ಪ್ರತಿಯೊಂದರಿಂದಲೂ ಚೂರು ತೆಗೆದು ಹೊಸ ಆಹಾರಕ್ಕೆ ಹಾಕಿ ಕಾದೆ. ಒಂದರಲ್ಲೂ ಏನೂ ಏಳಲಿಲ್ಲ.

ಮಾವ ಬಂದರು. ಬಾಯಿಗೆ ಬಂದಂತೆ ಬಯ್ದೆ.

"ನೇಗಿಲಿಗೆ ಕಟ್ಟಿ, ಕೋವಿಗೆ ಕಟ್ಟಿ, ನಿಮ್ಮ ಮೀಸೆಗೆ ಬೇಕಾದ್ರೂ ಕಟ್ಟಿ ಮಾವ! ಇದಕ್ಕೆ ಯಾಕೆ ಕಟ್ಟಿದ್ರಿ?"

ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ನೀವು ದಿನಾ ಇದರ ಮುಂದೇನೇ ನಿಂತಿರ್ತೀರಲ್ಲ ಮಗಳೇ. ಎಲ್ಲದಕ್ಕಿಂತ ಇದಕ್ಕೇ ಬೇಕು ಅಂತ ಕಂಡಿತು."

ಆ ಇಡೀ ಪೇಟೆಯಲ್ಲಿ ನನಗೆ ಏನು ಬೇಕಾಗಿತ್ತು ಎಂದು ತಿಳಿದವರು ಅವರೊಬ್ಬರೇ ಅನ್ನಿಸಿತು. ಕಡ್ಡಿಯಿಂದ ಎಲೆಯ ಕಟ್ಟನ್ನು ಬಿಚ್ಚಿ ಪಕ್ಕದ ಗೋಡೆಯ ಮೊಳೆಗೆ ಕಟ್ಟಿದೆ.

ಮತ್ತೆ ತೊಟ್ಟಿಗೇ ಹೋಗಬೇಕಾಯಿತು. ಮೊದಲ ಬ್ಯಾಕ್ಟೀರಿಯಾ ಸಿಕ್ಕಿದ್ದು ಹುದಿಕೇರಿ ಹತ್ತಿರದ ಒಂದು ಎಸ್ಟೇಟಿನಲ್ಲಿ. ನಾನೂ ಮಾವನೂ ಬೆಳಗಿನ ಬಸ್ಸಿಗೆ ಹೊರಟೆವು. ಪಿಕ್ಕಿಂಗ್ ಜೋರಾಗಿತ್ತು, ಕೂಲಿಯವರ ಲೈನ್ ಮನೆಗಳಲ್ಲಿ ಒಬ್ಬರೂ ಇರಲಿಲ್ಲ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೇರಳದವರು, ನನ್ನ ಕೈಯ ಕೊಳವೆಗಳನ್ನು ನೋಡಿ ನಕ್ಕರು. "ಕಳೆದ ಸಲ ಕೊಂಡುಹೋದದ್ದು ಮುಗೀತಾ? ತೊಟ್ಟಿ ತುಂಬ ಉಂಟು, ಬೇಕಾದಷ್ಟು ತಗೊಳ್ಳಿ." ನಾನು ತೊಟ್ಟಿಯೊಳಗೆ ಕೈ ಹಾಕಿದೆ. ಒಂದು ಹಿಡಿ ಬೀಜ ತೆಗೆದು ಹಿಚುಕಿದರೆ ಮೊದಲು ಜಾರುತ್ತದೆ. ಲೋಳೆ ಬಿಟ್ಟಿದ್ದರೆ ಗರಗರ ಅನ್ನುತ್ತದೆ. ಗರಗರ ಅನ್ನುವ ತೊಟ್ಟಿಯ ಅಡಿಯ ನೀರನ್ನು ಕೊಳವೆಗೆ ತುಂಬಿಕೊಂಡೆ. ವಾಪಸು ಬರುವಾಗ ಕೊಳವೆಗಳನ್ನು ಮಾವ ತಮ್ಮ ಮಡಿಲಲ್ಲಿ ಇಟ್ಟುಕೊಂಡರು, ಬಸ್ಸು ಎತ್ತಿಹಾಕಿದಾಗಲೆಲ್ಲ ಎರಡೂ ಕೈಯಿಂದ ಮುಚ್ಚುತ್ತಿದ್ದರು.

ತೊಟ್ಟಿಯ ನೀರಿನಲ್ಲಿ ಇರುವುದು ಒಂದೇ ಜಾತಿಯಲ್ಲ. ಆಹಾರ ಹೆಪ್ಪುಗಟ್ಟಿಸಿದ ಗಾಜಿನ ತಟ್ಟೆಗಳ ಮೇಲೆ ಅದನ್ನು ಗೀಚಿ ಗೀಚಿ, ಮೇಲೆದ್ದ ಒಂದೊಂದೇ ಚುಕ್ಕೆಯನ್ನು ಬೇರೆ ಮಾಡಿ, ಲೋಳೆ ಕರಗಿಸುವುದು ಯಾವುದೆಂದು ಪರೀಕ್ಷಿಸಿದೆ. ಸಿಕ್ಕಿತು. ಮೊದಲ ಸಲದ ಸೋಸಿದ ನೀರು ಕೊಳವೆಯಲ್ಲಿ ಲೋಳೆಯನ್ನು ಸರ್ರನೆ ಇಳಿಸಿತು. ನಾನು ಕುಣಿದಾಡಿಬಿಟ್ಟೆ. ಸಕ್ಕರೆ ಹಾಕಿ ಹೆಚ್ಚಿಸಿದೆವು. ಎರಡನೆಯ ಸಲ ಲೋಳೆ ತಡೆತಡೆದು ಇಳಿಯಿತು. ಮೂರನೆಯ ಸಲ ಮತ್ತೆ ಜೋತುಬಿತ್ತು.

ಎಸ್ಟೇಟುಗಳಲ್ಲಿ ಪಿಕ್ಕಿಂಗ್ ಅರ್ಧ ಮುಗಿದಿತ್ತು. ಸಾಹೇಬರು ಸಕ್ಕರೆ ಇನ್ನಷ್ಟು ಹೆಚ್ಚಿಸೋಣ ಎಂದರು. ನನಗೆ ತಡೆಯಲಾಗಲಿಲ್ಲ.

"ಸಾರ್, ಅದು ಯಾಕೆ ಎನ್‌ಜೈಮ್ ಮಾಡಬೇಕು? ಲೋಳೆ ಒಡೆದು ತಿನ್ನೋದಕ್ಕೆ ತಾನೆ ಅದನ್ನ ಮಾಡೋದು? ನಾವು ಸಕ್ಕರೆ ತಂದು ಬಾಯಿಗೇ ಇಡ್ತಾ ಇದ್ದೇವೆ."

"ಪೆಕ್ಟಿನ್ ಇಲ್ವಲ್ಲಮ್ಮಾ. ಬರೀ ಅದನ್ನೇ ಎಲ್ಲಿಂದ ತರೋಣ?"

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ಗೊಣಗಿಕೊಂಡು ನಾನು ಹೊರಗೆ ಬಂದೆ. ಪೆಕ್ಟಿನ್ ಇರುವುದು ಪರದೇಶದ ಸೀಸೆಯಲ್ಲಿ ಮಾತ್ರವೇ? ಆ ಸೀಸೆಯ ಪುಡಿಯನ್ನಾದರೂ ಅವರು ಹಣ್ಣಿನ ಸಿಪ್ಪೆಯಿಂದಲೇ ತೆಗೆಯುತ್ತಾರೆ ಎಂದು ಓದಿದ್ದೆ. ಕೊಡಗಿನಲ್ಲಿ ಆಗ ಕಿತ್ತಳೆ ಕಾಲ. ಕಾಫಿ ಗಿಡದ ನಡುನಡುವೆ ಕಿತ್ತಳೆ, ಸಂತೆಯಲ್ಲಿ ಕಿತ್ತಳೆ, ರಸ್ತೆಯ ಬದಿಯಲ್ಲಿ ಕಿತ್ತಳೆ ಸಿಪ್ಪೆ. ಅದನ್ನು ತುಳಿದುಕೊಂಡು ನಾನು ದಿನಾ ಕೆಲಸಕ್ಕೆ ಬರುತ್ತಿದ್ದೆ.

ಚಿಕ್ಕಮ್ಮನ ಮನೆಯ ಸಿಪ್ಪೆಯೆಲ್ಲ ನನ್ನ ಪಾಲಾಯಿತು, ನೆರೆಮನೆಯದೂ. ಸಿಪ್ಪೆಯಲ್ಲೂ ಸಕ್ಕರೆ ಇರುತ್ತದೆ, ಕಹಿ ಎಣ್ಣೆಯೂ ಇರುತ್ತದೆ. ಬಿಸಿನೀರಿನಲ್ಲಿ ತೊಳೆದು ಚೆಲ್ಲಿ, ಮತ್ತೆ ತೊಳೆದು, ಒಣಗಿಸಿ, ಒರಳಿನಲ್ಲಿ ಕುಟ್ಟಿದೆ. ಒಂದಿಷ್ಟು ಉಪ್ಪುಗಳ ನೀರಿಗೆ ಆ ಪುಡಿಯನ್ನಷ್ಟೇ ಹಾಕಿ, ಸಕ್ಕರೆಯ ಒಂದು ಹರಳೂ ಸೇರಿಸದೆ, ಬ್ಯಾಕ್ಟೀರಿಯಾ ಬಿಟ್ಟೆ. ಮಾವ ಕಾವು ಪೆಟ್ಟಿಗೆಯ ಮುಚ್ಚಳವನ್ನು ಬಗ್ಗಿ ಬಗ್ಗಿ ನೋಡುತ್ತಿದ್ದರು. ಅದು ಎದ್ದಾಗಲೆಲ್ಲ ನನಗೆ ಬಂದು ಹೇಳುತ್ತಿದ್ದರು.

ಬೆಳವಣಿಗೆ ನೋಡಿದರೆ ಅಳು ಬರುವಂತಿತ್ತು. ಅಕ್ಕಿ ತೊಳೆದ ನೀರಿನಷ್ಟು ಮಬ್ಬು, ಅದಕ್ಕಿಂತ ಹೆಚ್ಚಿಲ್ಲ. ಸಾಹೇಬರು ಒಂದು ಬಾಟ್ಲಿಯನ್ನು ಬೆಳಕಿಗೆ ಹಿಡಿದು ನಿಟ್ಟುಸಿರಿಟ್ಟರು.

"ಹಿಡಿದಿಲ್ಲ ಕಣಮ್ಮಾ. ಚೆಲ್ಲಿಬಿಡಿ, ಬಾಟ್ಲಿ ಖಾಲಿಯಾದ್ರೆ ಸಕ್ಕರೆದು ಇನ್ನೊಂದು ಸಲ ಹಾಕಬಹುದು."

"ಪರೀಕ್ಷೆ ಮಾಡದೆ ಚೆಲ್ಲೋದಿಲ್ಲ ಸಾರ್," ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಆಯ್ತು, ಮಾಡಿ ಎಂದರು.

ಸೋಸಿದ ನೀರನ್ನು ಎರಡು ಪಾಲು ಮಾಡಿ ಒಂದನ್ನು ಕುದಿಸಿದೆ. ಕುದಿಸಿದರೆ ಪ್ರೋಟೀನ್ ಕೆಡುತ್ತದೆ, ಅದರ ಕೆಲಸ ನಿಲ್ಲಬೇಕು. ಕುದಿಸಿದ್ದನ್ನು ಬೆರೆಸಿದ ಲೋಳೆ ಕೊಳವೆಯಲ್ಲಿ ಕದಲಲಿಲ್ಲ. ಕುದಿಸದೆ ಇಟ್ಟದ್ದನ್ನು ಬೆರೆಸಿದ್ದು ನಾನು ಬೆರಳು ತೆಗೆಯುತ್ತಲೇ ನೀರಿನ ಹಾಗೆ ಓಡಿಹೋಯಿತು. ಸಾಹೇಬರು ಇನ್ನೊಮ್ಮೆ ಮಾಡಿ ಎಂದರು, ಮಾಡಿದೆ. ಆಮೇಲೆ ತಾವೇ ಕೊಳವೆ ಹಿಡಿದು ಮಾಡಿದರು. "ಭೇಷ್!" ಎಂದು ಮೇಜು ಗುದ್ದಿದ ರಭಸಕ್ಕೆ ಒಂದು ಬಾಟ್ಲಿ ಉರುಳಿ ಒಡೆಯಿತು. ಯಾರೂ ಲೆಕ್ಕಿಸಲಿಲ್ಲ.

ಅಲ್ಲಿಂದ ಮುಂದೆ ಬರೀ ದುಡಿತ. ಬಾಟ್ಲಿಗಟ್ಟಲೆ ಬೆಳೆಸಿ ಸೋಸಿದೆವು. ಸೋಸಿದ ನೀರಿಗೆ ಅಮೋನಿಯಂ ಸಲ್ಫೇಟ್ ಉಪ್ಪನ್ನು ನಿಧಾನವಾಗಿ ಕಲಸಬೇಕು. ಉಪ್ಪು ಹೆಚ್ಚಾದಾಗ ನೀರಿನಲ್ಲಿ ಕರಗಿದ್ದ ಪ್ರೋಟೀನ್ ಕಂದು ಪುಡಿಪುಡಿಯಾಗಿ ತಳಕ್ಕಿಳಿಯುತ್ತದೆ. ಅವಸರ ಮಾಡಿದರೆ ನೊರೆ ಬಂದು ಕೆಡುತ್ತದೆ. ತಳದ ಮಡ್ಡಿಯಲ್ಲಿ ಉಳಿದ ಉಪ್ಪನ್ನು ತೆಗೆಯಲು ಸೆಲೊಫೇನ್ ಚೀಲದಲ್ಲಿ ಕಟ್ಟಿ ಹರಿಯುವ ತಣ್ಣೀರಿನಲ್ಲಿ ಇಳಿಬಿಡಬೇಕು, ಉಪ್ಪು ಹೊರಗೆ ಹೋಗುತ್ತದೆ, ಪ್ರೋಟೀನ್ ಒಳಗೆ ಉಳಿಯುತ್ತದೆ. ಬೆಂಗಳೂರಿನವರಿಗೆ ಚಳಿಯ ಕೋಣೆ ಇದೆ, ನಮಗೆ ಹಿತ್ತಲಿನ ತೋಡು, ಒಂದು ಸಣ್ಣ ಹಳ್ಳ, ಇತ್ತು. ಚಳಿಗಾಲದ ಆ ನೀರಿಗೆ ಕೈ ಹಾಕಿದರೆ ಮೂಳೆ ನೋಯುತ್ತಿತ್ತು. ಮೊದಲ ಚೀಲವನ್ನು ಏಡಿ ಕಚ್ಚಿ ತೂತು ಮಾಡಿತು. ಮಾವ ತೋಡಿನ ಬದಿಯಲ್ಲಿ ಮಣೆ ಹಾಕಿಕೊಂಡು ಕೂತು ಮಿಕ್ಕ ಚೀಲಗಳಿಗೆ ಪಹರೆ ಕೊಟ್ಟರು, ಪಟಾಳದಲ್ಲೂ ಇಂಥ ಡ್ಯೂಟಿ ಮಾಡಿರಲಿಲ್ಲ ಎಂದು ಏಡಿಗಳನ್ನು ಬಯ್ಯುತ್ತ. ಕೊನೆಗೆ ಗಾಳಿ ತೆಗೆದ ಗಾಜಿನ ಪಾತ್ರೆಯಲ್ಲಿ ಒಣಗಿಸಿದಾಗ ಉಳಿದದ್ದು ತಿಳಿ ಕಂದು ಬಣ್ಣದ ಒಂದು ಚಿಟಿಕೆ. ಅದನ್ನು ಸೀಸೆಗೆ ತುಂಬುವಾಗ ನಾನು ಉಸಿರು ಬಿಗಿಹಿಡಿದಿದ್ದೆ, ಹಾರಿಹೋದೀತು ಎಂದು.

ಪುಡಿ ಬೆಂಗಳೂರಿಗೆ ಹೋಯಿತು. ನಾನು ಕಾದೆ. ಟ್ರಂಕಿನಲ್ಲಿದ್ದ ಬಟ್ಟೆಗಳನ್ನು ಎರಡು ಸಲ ಮಡಿಸಿಟ್ಟೆ. ಕೋಟು ಹೊಲಿಸಲು ಬಿಳಿ ಬಟ್ಟೆ ಎಲ್ಲಿ ಸಿಗುತ್ತದೆ ಎಂದು ಗೋಣಿಕೊಪ್ಪದ ದರ್ಜಿಯನ್ನು ಕೇಳಿಟ್ಟುಕೊಂಡೆ. ಎಸ್ಟೇಟುಗಳಲ್ಲಿ ಪಿಕ್ಕಿಂಗ್ ಮುಗಿಯುತ್ತ ಬಂತು.

ಒಂದು ಬೆಳಿಗ್ಗೆ ಸಾಹೇಬರು ನನ್ನನ್ನು ಕೂರಿಸಿಕೊಂಡು ಕನ್ನಡಕ ಒರೆಸತೊಡಗಿದರು.

"ಪುಡಿ ಬಹಳ ಚೆನ್ನಾಗಿದೆಯಂತೆ. ಅವರು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿದೆಯಂತೆ."

"ಯಾವಾಗ ಹೊರಡಬೇಕು ಸಾರ್?"

ಅವರು ಕನ್ನಡಕ ಒರೆಸುತ್ತಲೇ ಇದ್ದರು. "ಬ್ಯಾಕ್ಟೀರಿಯಾ ಕಳಿಸಿ ಅಂದಿದ್ದಾರೆ. ಮಾಡೋ ಕ್ರಮ ಬರೆದು ಕಳಿಸಿದ್ರೆ ಸಾಕಂತೆ, ಅಲ್ಲಿ ಮಾಡೋರು ಇದ್ದಾರಂತೆ. ನಿಮ್ಮ ಹೆಸರು ಬರೆದಿದ್ದೆ ಕಣಮ್ಮಾ. ಎರಡು ಸಲ ಬರೆದೆ."

ಅವರು ಬರೆದಿದ್ದರು, ಅದರಲ್ಲಿ ನನಗೆ ಅನುಮಾನವಿಲ್ಲ. ಪುಡಿಯನ್ನು ಬೆಂಗಳೂರಿನಲ್ಲೇ ಮಾಡಿಕೊಂಡರೆ ಇಲ್ಲಿಯ ಎರಡು ಕೋಣೆ ಮುಚ್ಚುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ತಾಯಿ ಕೊಳವೆಗಳ ಎರಡು ಸಾಲು ನನ್ನ ಮುಂದಿತ್ತು. ಒಂದು ಸಾಲು ಸಿಪ್ಪೆ ತಿಂದು ಬೆಳೆದದ್ದು. ಇನ್ನೊಂದು ಸಕ್ಕರೆಯ ಮೇಲೆ ಕೊಬ್ಬಿ ಕೆಲಸ ಮರೆತದ್ದು. ಕಣ್ಣಿಗೆ ಎರಡೂ ಒಂದೇ. ಮಾವ ಹತ್ತಿರ ಬಂದು ದನಿ ತಗ್ಗಿಸಿದರು.

"ಒಳ್ಳೇದನ್ನು ಕಳಿಸ್ಬೇಡಿ ಮಗಳೇ. ಅವರ ಕೈಲಿ ಆಗದೇ ಹೋದ್ರೆ ನಿಮ್ಮನ್ನೇ ಕರೀಬೇಕಲ್ಲ. ಎಂತ ತಪ್ಪು ಅದರಲ್ಲಿ?"

ಆ ಯೋಚನೆ ನನಗೆ ಅವರಿಗಿಂತ ಮೊದಲೇ ಬಂದಿತ್ತು. ಸಕ್ಕರೆಯ ಸಾಲಿನ ಕೊಳವೆಯೊಂದು ಆಗಲೇ ನನ್ನ ಕೈಯಲ್ಲಿತ್ತು. ಅದನ್ನು ಕಳಿಸಿದರೆ ಅಲ್ಲಿಯ ಯಾರೋ ಅದನ್ನು ಬೆಳೆಸಿ, ಸೋಸಿ, ಕೊಳವೆಗೆ ಬಿಟ್ಟು, ಲೋಳೆ ಜೋತುಬಿದ್ದದ್ದನ್ನು ನೋಡುತ್ತ ನಿಲ್ಲುತ್ತಾರೆ. ಹಾಗೆ ನಿಲ್ಲುವುದು ಹೇಗಿರುತ್ತದೆ ಎಂದು ನನಗೆ ಗೊತ್ತಿತ್ತು. ಬಹುಶಃ ಅವಳೇ ನಿಲ್ಲಬೇಕಾದೀತು, ತಿರುಗಿ ನೋಡದೆ ಕೆಲಸ ಮಾಡುತ್ತಿದ್ದವಳು. ಮತ್ತೆ, ಸುಳ್ಳು ಯಾಕೆ, ನನ್ನ ಬ್ಯಾಕ್ಟೀರಿಯಾವನ್ನು ಕೆಲಸಕ್ಕೆ ಬಾರದ್ದು ಎಂದು ಯಾರಾದರೂ ಅಂದಾರು ಎಂಬುದನ್ನು ನನಗೆ ಸಹಿಸಲಾಗಲಿಲ್ಲ. ಕೈಯಲ್ಲಿದ್ದುದನ್ನು ಇಟ್ಟು ಸಿಪ್ಪೆಯ ಸಾಲಿನಿಂದ ಒಳ್ಳೆಯವನ್ನು ಆರಿಸಿದೆ. ಹತ್ತಿಯ ಮೇಲೆ ಮೇಣ ಹಾಕಿ, ತಗಡಿನ ಡಬ್ಬಿಯಲ್ಲಿ ಕಾಫಿ ಹೊಟ್ಟು ತುಂಬಿ, ನಡುವೆ ನಿಲ್ಲಿಸಿದೆ. ಜೊತೆಗೆ ಒಂದು ಪೊಟ್ಟಣ ಸಿಪ್ಪೆಯ ಪುಡಿ ಇಟ್ಟೆ, ಹೋದ ಕೂಡಲೇ ಹಸಿವಾದರೆ ಇರಲಿ ಎಂದು.

ಮೈಸೂರಿನ ಬಸ್ಸು ಹೊರಡಲು ನಿಂತಿತ್ತು. ಮೈಸೂರಿನಲ್ಲಿ ಸಾಹೇಬರ ಕಡೆಯವರು ಡಬ್ಬಿಯನ್ನು ಇಳಿಸಿಕೊಂಡು ಬೆಂಗಳೂರಿನ ರೈಲಿಗೆ ತಲುಪಿಸುತ್ತಾರೆ ಎಂದು ಏರ್ಪಾಡಾಗಿತ್ತು. ಕಂಡಕ್ಟರ್ ನನ್ನನ್ನು ನೋಡಿ ಬಾಗಿಲಿಂದ ಸರಿದು ಜಾಗ ಬಿಟ್ಟ.

"ಹತ್ತಿ ಹತ್ತಿ, ಸೀಟುಂಟು."

"ನಾನಲ್ಲ, ಇದು ಮಾತ್ರ," ಎಂದು ಡಬ್ಬಿ ಚಾಚಿದೆ. "ಇಂಜಿನ್ ಹತ್ತಿರ ಇಡಬೇಡಿ, ಬಿಸಿ ತಾಗಬಾರದು. ಬಿಸಿಲೂ ತಾಗಬಾರದು."

"ಜೀವ ಇರೋದಾ?"

"ಹೌದು."

ಅವನು ಎರಡೂ ಕೈಯಿಂದ ತೆಗೆದುಕೊಂಡು, ಅತ್ತ ಇತ್ತ ನೋಡಿ, ನೆರಳಿನ ಕಡೆ ಖಾಲಿಯಿದ್ದ ಒಂದು ಸೀಟಿನಲ್ಲಿ, ಕಿಟಕಿಯ ಪಕ್ಕ, ಅದನ್ನು ಕೂರಿಸಿದ. ಬಸ್ಸು ಹೊರಟಿತು. ಮಾವ ನನ್ನ ಹಿಂದೆ ನಿಂತಿದ್ದರು. ನಡೀರಿ ಮಗಳೇ ಎಂದರು. ತಿರುವಿನವರೆಗೂ ಆ ಕಿಟಕಿಯನ್ನೇ ನೋಡಿದೆ. ನಾನು ಕೂರಬೇಕಾದ ಜಾಗದಲ್ಲಿ ಅದು ಕೂತು, ನಾನು ಹೋಗಬೇಕಾದ ಕಡೆಗೆ ಹೋಯಿತು. ಅಲ್ಲಿ ಹೇಗಿದೆಯೋ, ಚೆನ್ನಾಗಿ ನೋಡಿಕೊಂಡರೋ ಇಲ್ಲವೋ, ಯಾರೂ ನನಗೆ ಬರೆದು ತಿಳಿಸಲಿಲ್ಲ. ಕೇಳುವ ಆಸೆ ಇನ್ನೂ ಇದೆ.